ಐಐಎಂ ಸಂದರ್ಶನ ಚೆನ್ನಾಗಿ ಆಗಿಯೂ ಸೀಟು ಸಿಗದಿದ್ದರೆ

ಎಂಬಿಎ ಸೀಟಿಗಾಗಿ ಐಐಎಂನ (ಭಾರತೀಯ ನಿರ್ವಹಣಾ ಸಂಸ್ಥೆ) ಸಂದರ್ಶನಕ್ಕೆ ಹೋದಿರಿ. ಪ್ಯಾನೆಲ್‌ನವರು ನಗುನಗುತ್ತಾ ಕಳಿಸಿಕೊಟ್ಟರು, ಯಾವ ಪ್ರಶ್ನೆಗೂ ತಡವರಿಸಲಿಲ್ಲ, ಆದರೂ ಪಟ್ಟಿಯಲ್ಲಿ ಹೆಸರಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಸಂದರ್ಶನದ ಒಂದೊಂದೇ ಉತ್ತರವನ್ನು ಕೆದಕುತ್ತಾ ಕೂರುತ್ತಾರೆ. ಅದಕ್ಕಿಂತ ಮೊದಲು ಅಂಕಗಳ ಲೆಕ್ಕ ಹಾಕಿ.

ಐಐಎಂ ಅಹಮದಾಬಾದ್‌ನ ಇತ್ತೀಚಿನ ವರ್ಷಗಳ ಕ್ರಮ ಹೀಗಿದೆ: ಸಂದರ್ಶನಕ್ಕೆ 50, ಕ್ಯಾಟ್ ಪ್ರವೇಶ ಪರೀಕ್ಷೆಗೆ 25, ಹಳೆಯ ಅಂಕ ಮುಂತಾದವನ್ನು ನೋಡಿ ಕೊಡುವ ಅರ್ಜಿ ರೇಟಿಂಗ್‌ಗೆ 15, ಬರವಣಿಗೆ ಪರೀಕ್ಷೆಗೆ 10. ನಿಮಗೆ ಸಂದರ್ಶನದಲ್ಲಿ 40, ಉಳಿದ ಮೂರರಲ್ಲಿ 14, 8, 6 ಬಂದಿದೆ ಎಂದಿಟ್ಟುಕೊಳ್ಳಿ, ಒಟ್ಟು 68. ಪಕ್ಕದವರಿಗೆ ಸಂದರ್ಶನದಲ್ಲಿ 36 ಮಾತ್ರ, ಉಳಿದವು 18, 11, 7. ಅವರದು 72. ಸಂದರ್ಶನದಲ್ಲಿ ಗೆದ್ದವರು ನೀವು, ಸೀಟು ಅವರದು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕ ಅರ್ಜಿ ರೇಟಿಂಗ್‌ನಲ್ಲೇ ಕಾಡುತ್ತವೆ. ಅಲ್ಲಿ ಹತ್ತನೇ ತರಗತಿಯ ಶೇ. 90 ದಾಟಿದರೆ 10 ರೇಟಿಂಗ್, 80ರಿಂದ 90ರೊಳಗಿದ್ದರೆ 8. ಅಂದರೆ 89.9 ಮತ್ತು 90.1ರ ನಡುವೆಯೇ ಎರಡು ರೇಟಿಂಗ್ ಅಂಕ ಹೋಗುತ್ತದೆ.

ಪ್ರತಿ ಐಐಎಂ ತನ್ನ ಲೆಕ್ಕವನ್ನು ಪ್ರವೇಶ ನೀತಿಯಲ್ಲಿ ಪ್ರಕಟಿಸುತ್ತದೆ, ಮತ್ತು ಅದು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ನೀವು ಅರ್ಜಿ ಹಾಕಿದ ವರ್ಷದ್ದನ್ನೇ ತೆಗೆದುಕೊಳ್ಳಿ.

ಸಂದರ್ಶನದ ಅಂಕ ಗೊತ್ತಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ?" ಎಂದು ಕೇಳಿದರೆ ಉಪಯೋಗವಿಲ್ಲ, ದಾಖಲೆಯಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು. ಅರ್ಜಿ ಸಂಖ್ಯೆ ಬರೆದು, ಸಂದರ್ಶನ, ಬರವಣಿಗೆ, ಕ್ಯಾಟ್, ರೇಟಿಂಗ್ ಪ್ರತಿಯೊಂದರಲ್ಲೂ ನಿಮಗೆ ಬಂದ ಅಂಕವನ್ನು, ನಿಮ್ಮ ವರ್ಗದಲ್ಲಿ ಕೊನೆಯ ಸೀಟು ಪಡೆದವರ ಒಟ್ಟು ಅಂಕವನ್ನು ಬೇರೆಬೇರೆಯಾಗಿ ಕೇಳಿ. ಹೆಸರು ಕೇಳಬೇಡಿ.

ವೇಟ್‌ಲಿಸ್ಟ್‌ನಲ್ಲಿದ್ದರೆ ಆಸೆ ಬಿಡಬೇಡಿ. ಎರಡು ಮೂರು ಕಡೆ ಸೀಟು ಸಿಕ್ಕವರು ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟಂತೆ ಪಟ್ಟಿ ಸರಿಯುತ್ತಾ ಹೋಗುತ್ತದೆ. ಸಾಮಾನ್ಯ, ಒಬಿಸಿ, ಎಸ್‌ಸಿ, ಎಸ್‌ಟಿ ಪಟ್ಟಿಗಳು ಬೇರೆಬೇರೆ. ಹಿಂದಿನ ವರ್ಷ ನಿಮ್ಮ ವರ್ಗದಲ್ಲಿ ಎಷ್ಟನೇ ಸಂಖ್ಯೆವರೆಗೆ ಸರಿದಿತ್ತು ಅನ್ನುವುದನ್ನು ನೋಡಿ. ಕರೆ ಬಂದ ಮೇಲೆ ಹಣ ಕಟ್ಟಲು ಸಿಗುವುದು ಕೆಲವೇ ದಿನ. ಮೇಲ್‌ನ ಸ್ಪ್ಯಾಮ್ ಫೋಲ್ಡರ್ ದಿನಾ ತೆರೆಯಿರಿ, ಮೊದಲ ಕಂತನ್ನು ಖಾತೆಯಲ್ಲಿ ಸಿದ್ಧವಿಡಿ.

ಇನ್ನು ಸಂದರ್ಶನ. ಹಾಯಾಗಿ ಮಾತು ಸಾಗಿದ ಮಾತ್ರಕ್ಕೆ ಅಂಕ ಬಿತ್ತು ಎನ್ನಲಾಗದು. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವರನ್ನು ಥರ್ಮೊಡೈನಮಿಕ್ಸ್‌ನ ಎರಡನೇ ನಿಯಮ ಕೇಳುತ್ತಾರೆ. "ಮರೆತುಹೋಗಿದೆ ಸರ್" ಎಂದರೆ ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋಗುತ್ತಾರೆ, ಅಂಕವೂ ಹೋಗುತ್ತದೆ. ನೆನಪು ಮಾಸುವ ಮುನ್ನ, ಅಂದರೆ ಅದೇ ಸಂಜೆ, ಪ್ರಶ್ನೆಗಳನ್ನೆಲ್ಲ ಬರೆದಿಟ್ಟು, ಮರುಪ್ರಶ್ನೆ ಬಂದ ಕಡೆ ಗುರುತು ಹಾಕಿ. ಉತ್ತರ ಪೊಳ್ಳಾಗಿದ್ದದ್ದು ಹೆಚ್ಚಾಗಿ ಅಲ್ಲೇ.

ಮುಂದಿನ ವರ್ಷ ಮತ್ತೆ ಪ್ರಯತ್ನಿಸುವುದಾದರೆ ಹಳೆಯ ಕ್ಯಾಟ್ ಅಂಕ ನಡೆಯುವುದಿಲ್ಲ. ನೋಂದಣಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ, ಪರೀಕ್ಷೆ ನವೆಂಬರ್ ಕೊನೆಗೆ. ಹಳೆಯ ಅಂಕಪಟ್ಟಿ ದುರ್ಬಲವಾಗಿದ್ದವರು ಹೊಸ ಕ್ಯಾಟ್‌ನಲ್ಲೇ ಅದನ್ನು ತುಂಬಿಕೊಳ್ಳಬೇಕು. ಒಂದು ವರ್ಷ ಕಾಯಲಾಗದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ. ಕರ್ನಾಟಕದ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಎಂಬಿಎ ಸೀಟುಗಳಿಗೆ ಅದರ ರ‍್ಯಾಂಕ್ ಸಾಕು, ಸಂದರ್ಶನವಿಲ್ಲ.