ಲಂಡನ್ನಿನ ಮುಚ್ಚಿದ ಟ್ಯೂಬ್ ನಿಲ್ದಾಣಗಳಿಗೆ ಇಳಿಯುವ ಮುನ್ನ

ಲಂಡನ್ನಿನ ನೆಲದಡಿಯ ರೈಲಿಗೆ ‘ಟ್ಯೂಬ್’ ಎನ್ನುತ್ತಾರೆ. ಅದರ ಮುಚ್ಚಿದ ನಿಲ್ದಾಣಗಳಲ್ಲೊಂದಾದ ಆಲ್ಡ್‌ವಿಚ್‌ನ ಪ್ಲಾಟ್‌ಫಾರ್ಮ್ ಮುಟ್ಟಲು 160 ಮೆಟ್ಟಿಲು ಇಳಿಯಬೇಕು. 1907ರ ಲಿಫ್ಟ್ ಇನ್ನೂ ಅಲ್ಲೇ ಇದೆ, ನೋಡಬಹುದು, ಹತ್ತುವಂತಿಲ್ಲ. ಚಾಮುಂಡಿ ಬೆಟ್ಟದಲ್ಲಾದರೆ ಮೊದಲು ಹತ್ತಿ ಆಮೇಲೆ ಇಳಿಯುತ್ತೀರಿ. ಇಲ್ಲಿ ಲೆಕ್ಕ ತಿರುಗುಮುರುಗು: ಗಂಟೆಗೂ ಹೆಚ್ಚು ಹೊತ್ತು ನಿಂತು ನೋಡಿ ಕಾಲು ಸೋತ ಮೇಲೆ ಅಷ್ಟನ್ನೂ ಹತ್ತಿ ಬರಬೇಕು. ಮಗಳ ಮನೆಗೆಂದು ಲಂಡನ್ನಿಗೆ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವ ಆಸೆಯಿದ್ದರೆ, ಟಿಕೆಟ್ ಕೊಳ್ಳುವ ಮೊದಲು ಅವರ ಮಂಡಿಯನ್ನು ನೆನೆಸಿಕೊಳ್ಳಿ.

ಇಂಥ ಜಾಗಗಳನ್ನು ಗೈಡ್ ಜೊತೆ ತೋರಿಸುವ ಪ್ರವಾಸಗಳನ್ನು ನಡೆಸುವುದು ಕೋವೆಂಟ್ ಗಾರ್ಡನ್‌ನಲ್ಲಿರುವ ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ. ಕಾರ್ಯಕ್ರಮದ ಹೆಸರು ‘ಹಿಡನ್ ಲಂಡನ್’. ಎಲ್ಲ ಜಾಗಗಳೂ ವರ್ಷವಿಡೀ ತೆರೆದಿರುವುದಿಲ್ಲ, ಪಟ್ಟಿ ಬದಲಾಗುತ್ತಿರುತ್ತದೆ. ಆದ್ದರಿಂದ ಒಂದೇ ಜಾಗಕ್ಕೆ ಅಂಟಿಕೊಳ್ಳದೆ ಎರಡು ಮೂರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಮೊದಲ ಸಲಕ್ಕೆ ಆಲ್ಡ್‌ವಿಚ್ಚೇ ಸರಿ. 1907ರಲ್ಲಿ ‘ಸ್ಟ್ರ್ಯಾಂಡ್’ ಎಂಬ ಹೆಸರಿನಲ್ಲಿ ಶುರುವಾಗಿ, 1915ರಲ್ಲಿ ಹೆಸರು ಬದಲಿಸಿಕೊಂಡು, 1994ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ದಿನಕ್ಕೆ ಸುಮಾರು 450 ಜನ ಬರುತ್ತಿದ್ದ ನಿಲ್ದಾಣಕ್ಕೆ ಹೊಸ ಲಿಫ್ಟ್ ಹಾಕುವ ಖರ್ಚು ಗಿಟ್ಟಲಿಲ್ಲ. ಇಡೀ ನಿಲ್ದಾಣ, ಟಿಕೆಟ್ ಕಿಂಡಿಯಿಂದ ಹಳಿಯವರೆಗೆ, ಒಂದೇ ಕಡೆ ನೋಡಸಿಗುತ್ತದೆ.

ಡೌನ್ ಸ್ಟ್ರೀಟ್ ಇದಕ್ಕಿಂತ ಇಕ್ಕಟ್ಟು. 1932ರಲ್ಲಿ ಮುಚ್ಚಿದ ಇದನ್ನು ಎರಡನೇ ಮಹಾಯುದ್ಧದಲ್ಲಿ ದೇಶದ ರೈಲುಗಳನ್ನು ನೋಡಿಕೊಳ್ಳುತ್ತಿದ್ದ ರೈಲ್ವೆ ಎಕ್ಸಿಕ್ಯುಟಿವ್ ಕಮಿಟಿಯ ಕಚೇರಿಯಾಗಿ ಮಾಡಿದ್ದರು. 1940ರ ಕೊನೆಯ ತಿಂಗಳುಗಳಲ್ಲಿ ಪ್ರಧಾನಿ ಚರ್ಚಿಲ್ ಕೂಡ ಇಲ್ಲಿ ರಾತ್ರಿ ಕಳೆದದ್ದುಂಟು. ಪಿಕಡಿಲಿ ಲೈನಿನ ರೈಲು ಇವತ್ತಿಗೂ ಪಕ್ಕದಲ್ಲೇ ಓಡುತ್ತದೆ. ಇಕ್ಕಟ್ಟು, ಕತ್ತಲೆ ಕಂಡರೆ ಉಸಿರುಗಟ್ಟುವವರಿಗೆ ಇದು ಬೇಡ.

ಕ್ಲಾಪಮ್ ಸೌತ್‌ನಲ್ಲಿ ನೋಡುವುದು ನಿಲ್ದಾಣವನ್ನೇ ಅಲ್ಲ. ನಿಲ್ದಾಣದ ಕೆಳಗೆ ಯುದ್ಧಕಾಲದಲ್ಲಿ ಕೊರೆದ ಬಾಂಬ್ ಆಶ್ರಯತಾಣ: ಎರಡಂತಸ್ತಿನ ಜೋಡಿ ಸುರಂಗ, 8,000 ಜನ ಮಲಗುವಷ್ಟು ಜಾಗ. 1948ರ ಜೂನ್‌ನಲ್ಲಿ ವಿಂಡ್‌ರಷ್ ಹಡಗಿನಲ್ಲಿ ಬಂದ ಕೆರಿಬಿಯನ್ ವಲಸಿಗರಲ್ಲಿ 200ಕ್ಕೂ ಹೆಚ್ಚು ಮಂದಿಗೆ ಮೊದಲ ಸೂರಾದದ್ದು ಇದೇ. ಊರು ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ ಯಾರೇ ಆಗಲಿ ನೋಡಲೇಬೇಕಾದ ಜಾಗವಿದು. ಇಲ್ಲಿ ಮೆಟ್ಟಿಲು ಸುಮಾರು 180, ನಡಿಗೆಯೂ ಹೆಚ್ಚು.

ಚೇರಿಂಗ್ ಕ್ರಾಸ್ ಈಗಲೂ ನಡೆಯುತ್ತಿರುವ ನಿಲ್ದಾಣ. ಅದರೊಳಗಿನ ಜುಬಿಲಿ ಲೈನ್ ಪ್ಲಾಟ್‌ಫಾರ್ಮ್‌ಗಳು ಮಾತ್ರ 1979ರಿಂದ 1999ರವರೆಗೆ, ಇಪ್ಪತ್ತೇ ವರ್ಷ ಬಾಳಿದವು. ಹಳೆಯದೆಂಬ ಕಳೆ ಅವಕ್ಕಿಲ್ಲ. ಆದರೆ ಮೇಲಿನ ಗಾಳಿ ಸುರಂಗದ ಜಾಲರಿಯಿಂದ ಬಗ್ಗಿ ನೋಡಿದರೆ, ಕೆಳಗೆ ನಾರ್ದರ್ನ್ ಲೈನಿಗೆ ಕಾಯುತ್ತ ನಿಂತ ಪ್ರಯಾಣಿಕರ ತಲೆ ಕಾಣುತ್ತದೆ. ಅವರಿಗೆ ನೀವಿರುವುದು ಗೊತ್ತೇ ಇರುವುದಿಲ್ಲ. ಅದೊಂದಕ್ಕೇ ಹೋಗಬಹುದು.

ಟಿಕೆಟ್‌ಗಳನ್ನು ಕಂತು ಕಂತಾಗಿ ಬಿಡುತ್ತಾರೆ, ಬೇಗ ಖಾಲಿಯಾಗುತ್ತವೆ. ಮ್ಯೂಸಿಯಂನ ಇಮೇಲ್ ಸುದ್ದಿಪತ್ರಕ್ಕೆ ಹೆಸರು ಕೊಟ್ಟಿದ್ದರೆ ದಿನಾಂಕ ತಪ್ಪುವುದಿಲ್ಲ. ಭಾರತದಿಂದ ಬುಕ್ ಮಾಡುವವರು ಎಡವುವುದು ಗಡಿಯಾರದಲ್ಲಿ. ಲಂಡನ್ನಿನ ಬೆಳಿಗ್ಗೆ 10 ಗಂಟೆ ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ 3:30, ಬೇಸಿಗೆಯಲ್ಲಿ 2:30. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಮುಳ್ಳು ತಿರುಗಿಸುತ್ತಾರೆ. ವಿದೇಶಿ ವಹಿವಾಟಿಗೆ ಕಾರ್ಡ್ ತೆರೆದಿದೆಯೇ ಎಂದು ಹಿಂದಿನ ದಿನವೇ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ. ಓಟಿಪಿ ಬರುವ ಸಿಮ್ ಫೋನಿನಲ್ಲೇ ಇರಲಿ. ವಿಮಾನ ಇಳಿದ ದಿನಕ್ಕೆ ಮಾತ್ರ ಬುಕ್ ಮಾಡಬೇಡಿ. ವಿಮಾನ ತಡವಾದರೆ ಟಿಕೆಟ್ ಹೋಯಿತು, ತಡವಾಗದಿದ್ದರೂ ನಿದ್ದೆಗಣ್ಣಿನಲ್ಲಿ ಸುರುಳಿ ಮೆಟ್ಟಿಲು ಅಪಾಯ. ಮಕ್ಕಳಿಗೆ ಕನಿಷ್ಠ ವಯಸ್ಸು ಜಾಗದಿಂದ ಜಾಗಕ್ಕೆ ಬೇರೆ, ಆಯಾ ಪುಟದಲ್ಲೇ ಓದಿಕೊಳ್ಳಿ.

ಹೋಗುವ ದಿನ 15 ನಿಮಿಷ ಮೊದಲೇ ಅಲ್ಲಿರಿ. ಗುಂಪು ಇಳಿದ ಮೇಲೆ ಒಬ್ಬರಿಗಾಗಿ ಮತ್ತೆ ಬಾಗಿಲು ತೆಗೆಯುವುದಿಲ್ಲ, ಏಕೆಂದರೆ ಕೆಳಗಿರುವವರ ತಲೆ ಎಣಿಸಿ ಇಟ್ಟುಕೊಂಡಿರುತ್ತಾರೆ. ಆಲ್ಡ್‌ವಿಚ್‌ಗೆ ಟೆಂಪಲ್ ನಿಲ್ದಾಣದಲ್ಲಿ ಇಳಿದು ಸರ್ರೆ ಸ್ಟ್ರೀಟ್ ಏರಿದರೆ ಐದೇ ನಿಮಿಷ. ಚೇರಿಂಗ್ ಕ್ರಾಸ್‌ನಲ್ಲಿ ಗೈಡ್ ಹೇಳುವ ತನಕ ಗೇಟಿಗೆ ಕಾರ್ಡ್ ತಾಗಿಸಬೇಡಿ. ಒಳಹೊಕ್ಕ ನಿಲ್ದಾಣದಲ್ಲೇ ಹೊರಬಂದರೂ ದುಡ್ಡು ಕಡಿತವಾಗುತ್ತದೆ.

ಚಪ್ಪಲಿ ಹಾಕಿಕೊಂಡು ಹೋದವರು ಬಾಗಿಲಿನಿಂದಲೇ ವಾಪಸ್ ಬರಬೇಕಾದೀತು. ಬೆರಳು ಮುಚ್ಚುವ, ಎತ್ತರದ ಹಿಮ್ಮಡಿಯಿಲ್ಲದ ಶೂ ಬೇಕು. ಸೀರೆ ಉಡುವವರು ಅಂದು ಚೂಡಿದಾರ್ ಅಥವಾ ಪ್ಯಾಂಟಿಗೆ ಬದಲಿಸಿ: ನೆರಿಗೆ ಸುರುಳಿ ಮೆಟ್ಟಿಲಿಗೆ ಸಿಕ್ಕುವುದಲ್ಲದೆ, ಸುರಂಗದ ಕಪ್ಪು ಧೂಳು ಅಂಚಿಗೆ ಹತ್ತುತ್ತದೆ. ಬ್ರೇಕು, ಚಕ್ರ, ಹಳಿ ಸವೆದು ಉದುರುವ ಕಬ್ಬಿಣದ ಪುಡಿಯೇ ಆ ಧೂಳಿನಲ್ಲಿ ಹೆಚ್ಚು. ಒದ್ದೆ ಬಟ್ಟೆಯಿಂದ ಉಜ್ಜಿದರೆ ಹರಡುತ್ತದೆ, ಒಣಗಿದ್ದಾಗಲೇ ಕೊಡವಿ. ಅಸ್ತಮಾ ಇರುವವರು ಇನ್‌ಹೇಲರ್ ಜೇಬಿನಲ್ಲಿಟ್ಟುಕೊಳ್ಳಿ. ಕೆಳಗೆ ಶೌಚಾಲಯ ಸಿಗುತ್ತದೆಂದು ನಂಬಬೇಡಿ, ಮೇಲೆಯೇ ಮುಗಿಸಿಕೊಳ್ಳಿ.

ಫೋಟೊಗೆ ಟ್ರೈಪಾಡ್ ಬೇಡ, ಫ್ಲ್ಯಾಷ್ ಕೂಡದು. ರೈಲು ಓಡುವ ಕಡೆ ಅದು ಚಾಲಕರ ಕಣ್ಣು ಕುಕ್ಕುತ್ತದೆ. ಐಎಸ್‌ಒ 1600ರಿಂದ 3200, ಶಟರ್ 1/60, ಲೆನ್ಸ್ 24 ಅಥವಾ 28 ಮಿ.ಮೀ. ಇಟ್ಟು, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದರೆ ಸಾಕು. ಹಳಿಯ ಅಂಚಿಗೆ ಹೋಗಬೇಡಿ. ಲಂಡನ್ ಟ್ಯೂಬಿಗೆ ನಾಲ್ಕು ಹಳಿ, ಎರಡರಲ್ಲಿ ವಿದ್ಯುತ್ ಹರಿಯುತ್ತದೆ, ಅವುಗಳ ನಡುವೆ 630 ವೋಲ್ಟ್. ಚೇರಿಂಗ್ ಕ್ರಾಸ್‌ನ ‘ಮುಚ್ಚಿದ’ ಹಳಿಗೂ ಆಗಾಗ ಖಾಲಿ ರೈಲು ಬರುತ್ತದೆ.

ಇನ್ನು ಗೋಡೆ. ಕ್ಯಾಮೆರಾ ಕೆಳಗಿಟ್ಟು ಹತ್ತು ನಿಮಿಷ ಅದನ್ನೇ ಓದಿ. ಆಲ್ಡ್‌ವಿಚ್‌ನ ಹೊರಗೋಡೆಯ ರಕ್ತಗೆಂಪು ಟೈಲ್ಸ್ ಲೆಸ್ಲಿ ಗ್ರೀನ್ ಎಂಬ ವಾಸ್ತುಶಿಲ್ಪಿಯ ಗುರುತು. ಲಂಡನ್ನಿನ ಹಲವಾರು ನಿಲ್ದಾಣ ಕಟ್ಟಿ, 1908ರಲ್ಲಿ ತನ್ನ 33ನೇ ವಯಸ್ಸಿನಲ್ಲೇ ತೀರಿಕೊಂಡವನು. ಪ್ಲಾಟ್‌ಫಾರ್ಮ್‌ಗಳಲ್ಲಿ ಆತ ನಿಲ್ದಾಣಕ್ಕೊಂದು ಬಣ್ಣದ ವಿನ್ಯಾಸ ಕೊಟ್ಟ, ಹೆಸರನ್ನು ಟೈಲ್ಸಿನಲ್ಲೇ ಸುಟ್ಟು ಕೂರಿಸಿದ. ಹಾಗಾಗಿ ನಿಲ್ದಾಣ ಹೆಸರು ಬದಲಿಸಿಕೊಂಡು ನೂರು ವರ್ಷ ದಾಟಿದರೂ ‘ಸ್ಟ್ರ್ಯಾಂಡ್’ ಎಂಬ ಅಕ್ಷರಗಳು ಕೆಳಗೆ ಉಳಿದಿವೆ. ಪೋಸ್ಟರ್‌ಗಳ ವಿಷಯದಲ್ಲಿ ಎಚ್ಚರ: ಇಲ್ಲಿ ಸಿನಿಮಾ ಚಿತ್ರೀಕರಣ ನಡೆಯುತ್ತಲೇ ಇರುವುದರಿಂದ, ಯುದ್ಧಕಾಲದ್ದೆಂದು ಕಾಣುವ ಎಷ್ಟೋ ಪೋಸ್ಟರ್ ಸೆಟ್‌ನವರು ಅಂಟಿಸಿದ ನಕಲು. ಇದೇ ಪ್ರವಾಸಗಳ ಪಟ್ಟಿಯಲ್ಲಿ ಬರುವ ಯೂಸ್ಟನ್ ನಿಲ್ದಾಣದಲ್ಲಿ ಹಾಗಲ್ಲ. 1960ರ ದಶಕದಲ್ಲಿ ಮುಚ್ಚಿದ ಓಣಿಗಳಲ್ಲಿ ಹರಿದು, ಒಂದರ ಮೇಲೊಂದು ಪದರವಾಗಿ ನಿಂತಿರುವವು ಆ ಕಾಲದ್ದೇ. ಅಂಚು ಗಮನಿಸಿ: ಅಸಲಿ ಕಾಗದ ಗೋಡೆಯ ಜೊತೆಗೇ ಕಪ್ಪಾಗಿರುತ್ತದೆ, ನಕಲಿನ ಸುತ್ತ ಗೋಡೆಯ ಬಣ್ಣ ಬೇರೆಯಿರುತ್ತದೆ.

ಟಿಕೆಟ್ ಸಿಗಲಿಲ್ಲವೆಂದರೆ ಪಿಕಡಿಲಿ ಲೈನ್ ಹತ್ತಿ. ಗ್ರೀನ್ ಪಾರ್ಕ್ ಬಿಟ್ಟು ಹೈಡ್ ಪಾರ್ಕ್ ಕಾರ್ನರ್ ಬರುವುದರೊಳಗೆ, ಕೈಯಿಂದ ಬೆಳಕು ಮರೆಮಾಡಿಕೊಂಡು ಕಿಟಕಿಗೆ ಮುಖ ಒತ್ತಿ ನೋಡುತ್ತಿರಿ. ಸುರಂಗದ ಗುಂಡು ಗೋಡೆ ತಟ್ಟನೆ ಮಾಯವಾಗಿ ಕೆಲವು ಕ್ಷಣ ನೇರ ಇಟ್ಟಿಗೆ ಗೋಡೆ ಓಡುತ್ತದಲ್ಲ, ಅದೇ ಡೌನ್ ಸ್ಟ್ರೀಟ್.