ಮೊದಲು ಚಿತ್ರ, ಆಮೇಲೆ ವಾಕ್ಯ: ನನ್ನ ಅನುಭವ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ ಇರುವ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆ ನಾನು ಕನ್ನಡ ಕಲಿಸುತ್ತಿದ್ದೇನೆ. ಚಿತ್ರ ಬಿಡಿಸುವುದನ್ನು ಓದು ಬರಹದ ಪಾಠದೊಳಗೇ ತಂದಾಗ ಅದನ್ನು ನಂಬಿದವರು ಕಡಿಮೆ. “ಟೀಚರೇ, ಓದಲಿಕ್ಕೇ ಬಾರದವರ ಕೈಗೆ ಬಣ್ಣ ಕೊಟ್ಟರೆ ಇದ್ದ ಪಿರಿಯಡ್ಡೂ ಹೋಗುತ್ತದೆ” ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಶಾಲೆಗೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರು ಇದನ್ನು ಯಾವ ಕಲಿಕಾ ಫಲಕ್ಕೆ ಸೇರಿಸುತ್ತೀರಿ ಎಂದು ಕೇಳಿದ್ದರು. ಈಗ ಅದೇ ಸಹೋದ್ಯೋಗಿ ನಮ್ಮ ಮಕ್ಕಳು ಮಾಡಿದ ಪುಸ್ತಕಗಳನ್ನು ತಮ್ಮ ಎರಡನೇ ತರಗತಿಗೆ ಒಯ್ದು ಓದಿಸುತ್ತಿದ್ದಾರೆ. ಆದ್ದರಿಂದ ನಡೆದುದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನನ್ನ ಎರಡು ತರಗತಿಗಳಲ್ಲಿ ಸೇರಿ 25ರಿಂದ 28 ಮಕ್ಕಳಿರುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ, ಮಲಯಾಳಂ, ತಮಿಳು ಆಡುವವರೇ ಹೆಚ್ಚು; ಕನ್ನಡ ಹಲವರಿಗೆ ಶಾಲೆಯ ಭಾಷೆ. ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯ ಮೂರು ವರ್ಷ ಮುಗಿಸಿ, ಅಲ್ಲಿನ ಕ್ರಮದಂತೆ ರ ಗ ಸ ದ ಅ ಇಂದ ಮೊದಲುಗೊಂಡು ಎಲ್ಲ ಅಕ್ಷರಗಳನ್ನೂ ಗುರುತಿಸಬಲ್ಲವರಾಗಿ ಬಂದರೂ, “ನಿನ್ನೆ ಏನು ಮಾಡಿದೆ, ಬರೆ” ಎಂದರೆ ಅರ್ಧದಷ್ಟು ಮಕ್ಕಳು ಹಲಗೆಯ ಮೇಲಿರುವುದನ್ನೇ ನಕಲು ಮಾಡಿ ಕೊಡುತ್ತಿದ್ದರು.

ಎಲ್ಲರಂತೆ ನಾನೂ ಚಿತ್ರಪಟ ತೋರಿಸಿ ಅದರ ಬಗ್ಗೆ ಬರೆಸುವುದರಿಂದಲೇ ಆರಂಭಿಸಿದೆ. “ಇದು ಮರ. ಇದು ಮನೆ. ಇದು ಹಸು.” ಅಷ್ಟಕ್ಕೇ ಬರಹ ನಿಂತಿತು. ಬೇರೆಯವರ ಚಿತ್ರದಲ್ಲಿ ಮಗುವಿಗೆ ಹೆಸರುಗಳನ್ನು ಬಿಟ್ಟರೆ ಹೇಳಲು ಏನೂ ಇರುವುದಿಲ್ಲ. ಅವರೇ ಬಿಡಿಸಲಿ ಎಂದು ಹಾಳೆ ಕೊಟ್ಟಾಗ ಎಲ್ಲರಿಂದಲೂ ಬಂದದ್ದು ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಒಂದು ತೆಂಗಿನ ಮರ. ಕಿಟಕಿಯಾಚೆ ಬೆಟ್ಟಗಳೇ ಇದ್ದರೂ ಮಕ್ಕಳ ಕೈ ಆ ತ್ರಿಕೋನವನ್ನು ಬಿಡಲಿಲ್ಲ. ಅದಕ್ಕೆ ಬಣ್ಣ ತುಂಬುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು, ಬರೆಯಲು ಸಮಯವೇ ಉಳಿಯುತ್ತಿರಲಿಲ್ಲ.

ಬದಲಾವಣೆ ಬಂದದ್ದು ಜುಲೈಯಲ್ಲಿ, ಕೊಡೆಯಿಂದ. ಮಳೆಗಾಲದಲ್ಲಿ ನಮ್ಮ ವರಾಂಡದ ತುಂಬ ಕೊಡೆಗಳೇ. ಪ್ರತಿಯೊಬ್ಬರೂ ತಮ್ಮದೇ ಕೊಡೆಯನ್ನು ಮುಂದಿಟ್ಟುಕೊಂಡು ನೋಡಿ ಬಿಡಿಸಬೇಕು, ರಬ್ಬರ್ ಬಳಸಬಾರದು, ಬಣ್ಣ ಇಲ್ಲ ಎಂದು ನಿಯಮ ಮಾಡಿದೆ. ಒಬ್ಬ ಹುಡುಗಿ ಕೊಡೆಯ ಕಡ್ಡಿಗಳನ್ನು ಎಣಿಸಿ ಬಿಡಿಸಿ, ಒಂದರ ತುದಿಯಲ್ಲಿ ಸಣ್ಣ ಗಂಟೊಂದನ್ನು ಹಾಕಿದ್ದಳು. ಅದೇನೆಂದು ಕೇಳಿದೆ. ಅವಳು ಹೇಳಿದ್ದನ್ನೇ ಚಿತ್ರದ ಕೆಳಗೆ ಬರೆಯಲು ಹೇಳಿದಾಗ ಹೀಗೆ ಬರೆದಳು: “ನನ ಕೊಡೆಯ ಒಂದು ಕಡಿ ಮುರಿದಿದೆ. ಅಜಿ ನೂಲು ಕಟಿದರು. ಗಾಳಿ ಬಂದರೆ ಅದೇ ಮೊದಲು ತಿರುಗುತದೆ.” ಒತ್ತಕ್ಷರ ಒಂದೂ ಇರಲಿಲ್ಲ, ಆದರೆ ಮೂರನೆಯ ವಾಕ್ಯದಂತಹ ವಾಕ್ಯವನ್ನು ಏಳನೇ ತರಗತಿಯ ಪ್ರಬಂಧಗಳಲ್ಲಿಯೂ ನಾನು ಕಂಡದ್ದು ಅಪರೂಪ.

ಅಂದಿನಿಂದ ಚಿತ್ರವನ್ನು ಬರಹದ ಅಲಂಕಾರವಾಗಿ ಅಲ್ಲ, ಅದರ ಕರಡಾಗಿ ಬಳಸುತ್ತಿದ್ದೇನೆ. ಮಗು ಮೊದಲು ಪೆನ್ಸಿಲ್ ಅಥವಾ ಇದ್ದಿಲಿನಲ್ಲಿ ಬಿಡಿಸುತ್ತದೆ. ಚಿತ್ರದ ಭಾಗಗಳಿಗೆ ತನಗೆ ಬಂದ ಭಾಷೆಯ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬರೆಯುತ್ತದೆ, ಅಂದರೆ ಬಿದಿರಿನ ಎಳೆ ಮೊಳಕೆಗೆ ಕಣಿಲೆ ಎಂದರೂ ಸರಿ, ಬೈಂಬಳೆ ಎಂದರೂ ಸರಿ. ಬಳಿಕ ಪಕ್ಕದವರಿಗೆ ಚಿತ್ರವನ್ನು ಬಾಯಲ್ಲಿ ಹೇಳುತ್ತದೆ. ಅದಾದ ಮೇಲೆ ವಾಕ್ಯ, ಕೊನೆಗೆ ಬಣ್ಣ. ಬಣ್ಣವನ್ನು ಕೊನೆಗೆ ಇಟ್ಟದ್ದು ಬಹಳ ಕೆಲಸ ಮಾಡಿತು, ಏಕೆಂದರೆ ಬಣ್ಣದ ಆಸೆಗೆ ವಾಕ್ಯಗಳು ಬೇಗ ಬರುತ್ತವೆ. ಚಿತ್ರ ನೋಡಿ ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆಗಳನ್ನೂ, ಒತ್ತಕ್ಷರವನ್ನು ತಿದ್ದಲು ನಾನು ಕಂಡುಕೊಂಡಿರುವ ಉಪಾಯವನ್ನೂ ಇಲ್ಲಿ ಬರೆಯುವುದಿಲ್ಲ. ಸುತ್ತಲಿನ ಶಾಲೆಗಳ ಗುಂಪಾದ ನಮ್ಮ ಕ್ಲಸ್ಟರ್‌ನಲ್ಲಿ ತರಗತಿಗೇ ಬಂದು ಕುಳಿತವರಿಗೆ ತೋರಿಸಿದ್ದೇನೆ, ಅವು ಕಣ್ಣಾರೆ ಕಂಡರೆ ಮಾತ್ರ ತಿಳಿಯುವಂಥವು.

ತೋಟದ ಕಾರ್ಮಿಕರ ಸಾಲುಮನೆಯ, ಅಂದರೆ ಲೈನ್ ಮನೆಯ ಒಬ್ಬ ಹುಡುಗ, ಅದುವರೆಗೆ ನೋಟ್‌ಬುಕ್ಕನ್ನು ಖಾಲಿ ಬಿಡುತ್ತಿದ್ದವನು, ಕರಿಮೆಣಸು ಕೊಯ್ಯುವುದನ್ನು ಬಿಡಿಸಿದ್ದ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಬಳ್ಳಿ, ಒಂಟಿ ಬಿದಿರಿನ ಏಣಿ, ಸೊಂಟಕ್ಕೆ ಕಟ್ಟಿದ ಚೀಲ, ಏಣಿಯ ತುದಿಯನ್ನು ಮರಕ್ಕೆ ಬಿಗಿದ ಹಗ್ಗ, ಎಲ್ಲವೂ ಇದ್ದವು. ಹಗ್ಗ ಯಾಕೆಂದು ಕೇಳಿದ್ದಕ್ಕೆ ಅವನು ಒಂದು ಪುಟ ಹೇಳಿದ, ಐದು ಸಾಲು ಬರೆದ. ತೋಟದ ಕೆಲಸವನ್ನು ನನಗಿಂತ ಚೆನ್ನಾಗಿ ಬಲ್ಲ ಈ ಮಕ್ಕಳಿಗೆ ಬರೆಯಲು ವಿಷಯವಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ನನ್ನ ಕೈಯಿಂದ ಸುಮಾರು 4,500 ರೂಪಾಯಿ ಹೋಯಿತು. ಅದರಲ್ಲಿ ದೊಡ್ಡ ಪಾಲು ಪೋಸ್ಟರ್ ಕಲರ್, ಬ್ರಷ್ ಮತ್ತು ಡ್ರಾಯಿಂಗ್ ಶೀಟುಗಳದ್ದು, ಮತ್ತು ಅದೆಲ್ಲ ಕೊಡಗಿನ ಮಳೆಗಾಲಕ್ಕೆ ಸಲ್ಲದ ಸಾಮಾನು. ಜೂನ್‌ನಿಂದ ಆಗಸ್ಟ್‌ವರೆಗೆ ಬಣ್ಣ ಒಣಗುವುದಿಲ್ಲ, ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಮೈದಾ ಅಂಟಿಗೆ ಬೂಸ್ಟು ಬರುತ್ತದೆ, ಗೋಡೆಗೆ ಹಚ್ಚಿದ ಚಾರ್ಟ್ ಸುರುಳಿಯಾಗಿ ಕೆಳಗೆ ಬೀಳುತ್ತದೆ. ಈಗ ಮಳೆಗಾಲದಲ್ಲಿ ಇದ್ದಿಲು ಮತ್ತು ಮೇಣದ ಬಣ್ಣ ಮಾತ್ರ. ಇದ್ದಿಲು ಉದುರದಂತೆ ಗಂಜಿಯ ತಿಳಿಯನ್ನು ತೆಳುವಾಗಿ ಸಿಂಪಡಿಸಿ, ಬಿಸಿಯೂಟದ ಅಡುಗೆ ಕೋಣೆಯ ಹಗ್ಗದ ಮೇಲೆ ಹಾಳೆಗಳನ್ನು ಒಣಗಿಸುತ್ತೇವೆ. ಹಾಳೆಗಳು ಒಲೆಯ ಕಡೆಗೆ ಬಾರದಂತೆ ಅಡುಗೆಯವರು ಅವನ್ನು ಸರಿಸಿಕೊಡುತ್ತಾರೆ. ಗೋಣಿಕೊಪ್ಪದ ಮುದ್ರಣಾಲಯವೊಂದು ಕತ್ತರಿಸಿ ಉಳಿದ ಕಾಗದವನ್ನು ಕಟ್ಟುಕಟ್ಟಾಗಿ ಕೊಡುತ್ತದೆ, ಮದುವೆಯ ಕರೆಯೋಲೆಗಳ ಹಿಂಬದಿ ಊರವರಿಂದ ಬರುತ್ತದೆ. ಈಗ ವರ್ಷಕ್ಕೆ 1,200ರಿಂದ 1,500 ರೂಪಾಯಿ ಸಾಕಾಗುತ್ತಿದೆ, ಅದರಲ್ಲಿ ಅರ್ಧವನ್ನು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಕೊಡುತ್ತಿದೆ. ಹೊರಗೋಡೆಗೆ ರೈಲಿನ ಡಬ್ಬಿ ಬರೆಸಲು ಹತ್ತಾರು ಸಾವಿರ ಖರ್ಚು ಮಾಡುವ ಶಾಲೆಗಳಿವೆ. ಅಷ್ಟು ಹಣದಲ್ಲಿ ನಮ್ಮ ಮಕ್ಕಳು ಹತ್ತು ವರ್ಷ ಬರೆಯಬಲ್ಲರು ಎಂಬುದನ್ನು ನಾನು ಸಭೆಯಲ್ಲೇ ಹೇಳಿದ್ದೇನೆ.

ಬಣ್ಣಗಳನ್ನು ನಾವೇ ಮಾಡಿಕೊಳ್ಳುವ ಪ್ರಯತ್ನವನ್ನೂ ಮಾಡಿದೆವು. ಬಸಳೆ ಹಣ್ಣಿನ ರಸ ಹಚ್ಚಿದಾಗ ಬಹಳ ಚೆಂದ, ವಾರ ಕಳೆಯುವಷ್ಟರಲ್ಲಿ ಮಂಕು. ಅರಿಶಿನ ಬಿಸಿಲಿಗೆ ಹಾರಿಹೋಗುತ್ತದೆ. ಗೋಂದಿನಲ್ಲಿ ಕಲಸಿದ ಕೆಮ್ಮಣ್ಣು ಮತ್ತು ಗಟ್ಟಿಯಾಗಿ ಕುದಿಸಿದ ಕಾಫಿ ಡಿಕಾಕ್ಷನ್ ನಿಂತವು. ರೊಬಸ್ಟಾ ಪುಡಿಯದು ಅರೇಬಿಕಾಕ್ಕಿಂತ ಕಪ್ಪಾಗಿ ಬಂತು ಎಂದು ಮಕ್ಕಳೇ ಹೋಲಿಸಿ ಬರೆದರು, ಅದೂ ಒಂದು ಬರಹದ ಪಾಠವಾಯಿತು.

ಇನ್ನೊಂದು ಪ್ರಯೋಗ ವೀರಗಲ್ಲಿನದು. ಮಡಿಕೇರಿ ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದ ಮೇಲೆ ಇದು ಹೊಳೆಯಿತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಸಾಮಾನ್ಯವಾಗಿ ಕೆಳಗೆ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಶಾಸನವಿರುವ ಹಲವು ಕಲ್ಲುಗಳಲ್ಲಿ ಈ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲೇ ಅಕ್ಷರ ಕೊರೆದಿರುತ್ತಾರೆ. ಚಿತ್ರವನ್ನೂ ಬರಹವನ್ನೂ ಕೂಡಿಸುವ ಕ್ರಮ ನಮ್ಮ ನಾಡಿನಲ್ಲಿ ಅಷ್ಟು ಹಿಂದೆಯೇ ಇರುವಾಗ ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ಐದನೇ ತರಗತಿಯವರು ಉದ್ದ ಹಾಳೆಯನ್ನು ಮೂರು ಪಟ್ಟಿಕೆ ಮಾಡಿ, ತೋಟಕ್ಕೆ ಆನೆ ಬಂದ ರಾತ್ರಿಯನ್ನು ಬಿಡಿಸಿದರು: ಕೆಳಗೆ ಹಲಸಿನ ಮರದಡಿಯಲ್ಲಿ ಆನೆ, ನಡುವೆ ಪಟಾಕಿ ಹಚ್ಚುವ ಜನ, ಮೇಲೆ ಬೆಳಗಿನ ಮುರಿದ ಬೇಲಿ. ಅಡ್ಡಪಟ್ಟಿ ಕಿರಿದಾದ್ದರಿಂದ ಒಂದೇ ವಾಕ್ಯ ಹಿಡಿಯುತ್ತದೆ, ಅದನ್ನು ಆರಿಸಲು ಅವರು ಬಹಳ ಹೊತ್ತು ಚರ್ಚಿಸುತ್ತಾರೆ. ಚಿಕ್ಕ ಮಕ್ಕಳು ಮಾತ್ರ ಅದನ್ನು ಮೇಲಿನಿಂದ ಓದಿ ಗೊಂದಲಕ್ಕೆ ಬೀಳುವುದರಿಂದ ನಾಲ್ಕನೇ ತರಗತಿಗೆ ಇದನ್ನು ಕೊಡುತ್ತಿಲ್ಲ.

ಓದಿನ ಭಾಗವನ್ನು ಗಟ್ಟಿ ಮಾಡಿದ್ದು ಒಂದೇ ಹಾಳೆಯ ಪುಸ್ತಕ. ಎ4 ಹಾಳೆಯನ್ನು ಎಂಟು ಭಾಗವಾಗಿ ಮಡಚಿ, ನಡುವೆ ಒಂದು ಸೀಳು ಕತ್ತರಿಸಿದರೆ ಹೊಲಿಗೆಯಿಲ್ಲದ ಎಂಟು ಪುಟದ ಪುಸ್ತಕವಾಗುತ್ತದೆ. ಪುಟಕ್ಕೆ ಒಂದು ಚಿತ್ರ, ಒಂದೆರಡು ವಾಕ್ಯ. ಹಗ್ಗಕ್ಕೆ ತೂಗುಹಾಕಿದ ಈ ಪುಸ್ತಕಗಳನ್ನು ಮಕ್ಕಳು ಕಪಾಟಿನ ಪುಸ್ತಕಗಳಿಗಿಂತ ಹೆಚ್ಚಾಗಿ ಒಯ್ಯುತ್ತಾರೆ, ಬರೆದವರು ಎದುರಿಗೇ ಇರುವುದರಿಂದ ಅರ್ಥವಾಗದ್ದನ್ನು ಕೇಳುತ್ತಾರೆ. ಕಳೆದ ಜನವರಿಯ ಹೊತ್ತಿಗೆ ಮೂರು ನಾಲ್ಕು ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಐದಾರು ಸ್ವಂತ ವಾಕ್ಯಗಳನ್ನು ಬರೆಯುತ್ತಿದ್ದರು.

ಆ ಮೂರು ನಾಲ್ಕು ಮಂದಿ ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದ ಕುಟುಂಬಗಳ ಮಕ್ಕಳು. ವರ್ಷದ ನಡುವೆ ಬಂದು ಕೊಯ್ಲು ಮುಗಿದೊಡನೆ ಹೋಗುತ್ತಾರೆ. ಚಿತ್ರ ಎಲ್ಲರಂತೆ ಬಿಡಿಸುತ್ತಾರೆ, ಹೆಸರುಗಳನ್ನು ಎರಡು ತಿಂಗಳಲ್ಲಿ ಕನ್ನಡದಲ್ಲಿ ಬರೆಯುತ್ತಾರೆ, ವಾಕ್ಯಕ್ಕೆ ಬರುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಅವರಿಗಾಗಿ ಈ ವರ್ಷ ಜೊತೆಗಾರರನ್ನು ಗೊತ್ತುಮಾಡಿದ್ದೇನೆ: ಒಬ್ಬರು ಬಿಡಿಸುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ, ಇಬ್ಬರೂ ಸೇರಿ ಓದುತ್ತಾರೆ. ಪುಸ್ತಕ ಇಬ್ಬರಿಗೂ ಬೇಕಾಗುವುದರಿಂದ ಹಾಳೆಯನ್ನು ಬಿಚ್ಚಿ ಜೆರಾಕ್ಸ್ ಮಾಡಿಸುತ್ತೇನೆ. ಎಂಟು ಪುಟವೂ ಒಂದೇ ಬದಿಯಲ್ಲಿ ಇರುವುದರಿಂದ ಒಂದು ಪ್ರತಿಗೆ ಎರಡು ರೂಪಾಯಿ ಸಾಕು.