ಪಕ್ಕದ ಮನೆ ಅಜ್ಜಿಯ ಬಿಪಿ ಸರಿಯಾಗಿ ನೋಡುವುದು ಹೇಗೆ?

ಆಸ್ಪತ್ರೆ ದೂರ ಇರುವ ಹಳ್ಳಿಯಲ್ಲಿ ಒಂದು ಬಿಪಿ ಮಿಷನ್ ಇದ್ದರೆ ನಾಲ್ಕಾರು ಮನೆಗೆ ಸಾಕು. ಯಾರಾದರೂ ಒಬ್ಬರು ವಾರಕ್ಕೊಮ್ಮೆ ಅದನ್ನು ಹಿಡಿದುಕೊಂಡು ವಯಸ್ಸಾದವರ ಮನೆಗೆ ಹೋಗಿ ಬಂದರೆ ಬಿಪಿಯೂ ಗೊತ್ತಾಗುತ್ತದೆ, ಮಾತ್ರೆ ಮುಗಿದು ಎಷ್ಟು ದಿನವಾಯಿತು, ಮೊನ್ನೆ ಬಚ್ಚಲಲ್ಲಿ ಜಾರಿದ್ದನ್ನು ಮಗನಿಗೆ ಹೇಳದೆ ಮುಚ್ಚಿಟ್ಟಿದ್ದಾರಾ ಅನ್ನುವುದೂ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬಿಪಿ ಇರುವ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಅದು ಇರುವುದೇ ತಿಳಿದಿಲ್ಲ. ಹಾಗಾಗಿ ಇದು ಸಣ್ಣ ಕೆಲಸ ಅಲ್ಲ.

ಆದರೆ ಒಳ್ಳೆ ಮನಸ್ಸಿನಿಂದ ಹೋಗುವವರೇ ಇದನ್ನು ಕೆಡಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಒಮ್ಮೆ ಒಬ್ಬರು ಒಳಗೆ ಬಂದವರೇ ಅಜ್ಜಿಯ ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿದರು. ಅಜ್ಜಿ ಮಂಚದ ಅಂಚಲ್ಲಿ ಕೈ ಜೋತುಬಿಟ್ಟು ಕೂತು, ಸೊಸೆಯ ಜೊತೆ ಬೆಳಿಗ್ಗೆ ಆದ ಜಗಳ ಹೇಳುತ್ತಿದ್ದರು. ಮಿಷನ್ 168 ತೋರಿಸಿತು. ಬಂದವರು "ಅಯ್ಯೋ!" ಅಂದರು, ಅಜ್ಜಿಯ ಮುಖ ಸಣ್ಣಗಾಯಿತು. ಬಚ್ಚಲಿಗೆ ಹೋಗಿ ಬರಲು ಹೇಳಿ, ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ 141.

ಮಿಷನ್. ತೋಳಿಗೆ ಕಟ್ಟುವಂಥದ್ದನ್ನೇ ತಗೊಳ್ಳಿ. ಮಣಿಕಟ್ಟಿನದು ಬೇಡ, ಕೈ ಒಂಚೂರು ಮೇಲೆ ಕೆಳಗಾದರೂ ಲೆಕ್ಕ ತಪ್ಪುತ್ತದೆ. ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆ ಅನ್ನುವ ಆ್ಯಪ್‌ಗಳನ್ನಂತೂ ನಂಬಲೇಬೇಡಿ. ಪರೀಕ್ಷೆಯಲ್ಲಿ ಪಾಸಾದ ಮಿಷನ್‌ಗಳ ಪಟ್ಟಿಯನ್ನು ಸ್ಟ್ರೈಡ್ ಬಿಪಿ ಅನ್ನುವ ಸಂಸ್ಥೆ ಇಂಟರ್‌ನೆಟ್‌ನಲ್ಲಿ ಇಟ್ಟಿದೆ, ಕೊಳ್ಳುವ ಮುಂಚೆ ನೋಡಿ. ತೋಳಿನ ಸುತ್ತಳತೆಯನ್ನೂ ನೋಡಿಕೊಳ್ಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಬರುತ್ತದೆ. ಎಷ್ಟು ಸೆಂಟಿಮೀಟರಿಗೆ ಆಗುತ್ತದೆ ಅಂತ ಪಟ್ಟಿ ಮೇಲೇ ಬರೆದಿರುತ್ತದೆ.

ಹೋಗುವ ಹೊತ್ತು. ಕಾಫಿ, ಚಹಾ, ಬೀಡಿ ಆಗಿ ಅರ್ಧ ಗಂಟೆಯಾದರೂ ಕಳೆದಿರಲಿ.

ಆ ಐದು ನಿಮಿಷ. ಎಲ್ಲರೂ ಎಡವುವುದು ಇಲ್ಲೇ. ಪಟ್ಟಿ ಕಟ್ಟುವ ಮುಂಚೆ ಐದು ನಿಮಿಷ ಸುಮ್ಮನೆ ಕೂತಿರಬೇಕು. ಸುಮ್ಮನೆ ಅಂದರೆ ಮಾತಿಲ್ಲದೆ. ಮಾತಾಡುತ್ತಿದ್ದರೆ ಬಿಪಿ ಏರುತ್ತದೆ, ಮೂತ್ರ ತಡೆದುಕೊಂಡಿದ್ದರೂ ಏರುತ್ತದೆ. ಆದರೆ ವಾರದಿಂದ ಯಾರೂ ಮಾತಾಡಿಸದ ಮನೆಗೆ ಹೋಗಿ "ಮಾತಾಡಬೇಡಿ" ಅಂದರೆ ಹೇಗಿರುತ್ತದೆ ಹೇಳಿ? ಅವರಿಗೆ ಮಿಷನ್‌ಗಿಂತ ನೀವು ಬಂದದ್ದೇ ಮುಖ್ಯ. ಹಾಗಾಗಿ ನಾನು ಹೇಳುವುದು, ಮೊದಲು ಮಾತೆಲ್ಲ ಮುಗಿಯಲಿ. ಜಗಳ, ಮೊಮ್ಮಕ್ಕಳು, ಮೊಣಕಾಲು ನೋವು, ಎಲ್ಲ ಕೇಳಿ. ಆತುರ ಮಾಡಬೇಡಿ, ಮಿಷನ್ ಚೀಲದಲ್ಲೇ ಇರಲಿ. ಆಮೇಲೆ ಬಚ್ಚಲಿಗೆ ಹೋಗಿ ಬರಲಿ, ಟಿವಿ ಆರಿಸಿ, "ಅಜ್ಜೀ, ಈಗ ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡೋ ಹಾಗಿಲ್ಲ" ಅನ್ನಿ. ನೀವೂ ಬಾಯಿ ಮುಚ್ಚಿಕೊಂಡಿರಿ, ಫೋನ್ ನೋಡಬೇಡಿ, ನೀವು ನೋಡಿ ನಕ್ಕರೆ ಅವರು "ಏನು?" ಅಂತ ಕೇಳಿಯೇ ಕೇಳುತ್ತಾರೆ. ಎರಡು ನಿಮಿಷಕ್ಕೇ ಸಾಕು ಅನಿಸುತ್ತದೆ. ಸಾಕಾಗಿರುವುದಿಲ್ಲ. ಗಡಿಯಾರ ನೋಡಿ.

ಕೂರುವ ರೀತಿ. ಬೆನ್ನಿಗೆ ಆಸರೆ ಇರಬೇಕು. ಬೆಂಚಾದರೆ ಗೋಡೆಗೆ ಒತ್ತಿಸಿ. ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಕೈಯನ್ನು ಮೇಜಿನ ಮೇಲೆ ಇಡಿಸಿ, ಕೆಳಗೆ ದಿಂಬು ಕೊಟ್ಟು ಪಟ್ಟಿ ಎದೆಯ ಮಧ್ಯದ ಮಟ್ಟಕ್ಕೆ ಬರುವ ಹಾಗೆ ಮಾಡಿ. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟು ರಕ್ತದ ಭಾರ ಸೇರಿ ಬಿಪಿ 7–8 ಅಂಕ ಜಾಸ್ತಿ ತೋರಿಸುತ್ತದೆ. ಕೈಯನ್ನು ಅವರೇ ಎತ್ತಿ ಹಿಡಿಯುವುದೂ ಬೇಡ, ಸ್ನಾಯು ಬಿಗಿಯುತ್ತದೆ.

ಪಟ್ಟಿ. ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಬಿಗಿ ತೋಳಿನ ಬಟ್ಟೆಯನ್ನು ಮೇಲೆ ಸುರುಳಿ ಮಾಡಿ ಕಟ್ಟಿದರೆ ಅದೇ ಇನ್ನೊಂದು ಪಟ್ಟಿಯಾಗುತ್ತದೆ, ತೆಗೆಸಿಯೇ ನೋಡಿ.

ಮೊದಲ ದಿನ ಎರಡೂ ತೋಳು ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆಯೂ ಹಿಡಿಯಿರಿ. ಪ್ರತಿ ಸಲ ಎರಡು ಬಾರಿ ನೋಡಬೇಕು, ನಡುವೆ ಒಂದು ನಿಮಿಷ ಬಿಡಬೇಕು. ಎರಡನ್ನೂ ಬರೆಯಿರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವ ಉಪಕಾರ ಬೇಡ.

ಅಂಕಿ ಬಂದ ಮೇಲೆ. ಮುಖದಲ್ಲಿ ಏನೂ ತೋರಿಸಬೇಡಿ. ಮನೆಯಲ್ಲಿ ನೋಡಿದಾಗ 135/85 ಅಥವಾ ಅದಕ್ಕಿಂತ ಜಾಸ್ತಿ ಮತ್ತೆ ಮತ್ತೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಒಂದು ದಿನ ಬಂದರೆ ಕಾಯಿಲೆ ಅಂತಲ್ಲ. ಆಗ ಏಳು ದಿನ ಬೆಳಿಗ್ಗೆ (ಮಾತ್ರೆ ನುಂಗುವ ಮುಂಚೆ) ಮತ್ತು ಸಂಜೆ ನೋಡಿ ಬರೆದಿಡಿ. ಎದ್ದು ನಿಂತರೆ ತಲೆ ಸುತ್ತುತ್ತದೆ ಅನ್ನುವವರಿಗೆ, ಪಕ್ಕದಲ್ಲೇ ನಿಂತುಕೊಂಡು, ಎದ್ದ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಇಳಿದರೆ ಅದನ್ನೂ ವೈದ್ಯರಿಗೆ ಹೇಳಬೇಕು, ಬಚ್ಚಲಲ್ಲಿ ಬೀಳುವುದಕ್ಕೆ ಇದೂ ಒಂದು ಕಾರಣ.

180/120 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಅಷ್ಟೇ ಬಂದರೆ, ಅವರು ಆರಾಮಾಗಿದ್ದರೂ ಅವತ್ತೇ ವೈದ್ಯರ ಜೊತೆ ಮಾತಾಡಿ. ಆದರೆ ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೇ ಸಲ ನೋಡುತ್ತಾ ಕೂರಬೇಡಿ, ಬಿಪಿ ಎಷ್ಟೇ ಇರಲಿ, ಗಾಡಿ ಹತ್ತಿಸಿ. ಯಾರದೋ ಮಾತ್ರೆ ತಂದು ನಾಲಿಗೆ ಕೆಳಗೆ ಇಡುವ ಅಡ್ಡದಾರಿ ಖಂಡಿತ ಬೇಡ. ಬಿಪಿ ದಿಢೀರನೆ ಕುಸಿದರೆ ಮೆದುಳಿಗೆ ರಕ್ತ ಸಾಲದೆ ಇನ್ನೂ ದೊಡ್ಡ ಅನಾಹುತ ಆಗಬಹುದು. ರಾತ್ರಿ ಎರಡು ಗಂಟೆಗೂ ಬರುವ ಗಾಡಿಯವರು ಯಾರು ಅಂತ ಮೊದಲೇ ಕೇಳಿಟ್ಟುಕೊಂಡು, ಅವರ ನಂಬರನ್ನು ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಡಿ.

ಇನ್ನೊಂದು ಮಾತು. ನಾರ್ಮಲ್ ಬಂತು ಅಂತ "ಇನ್ನು ಮಾತ್ರೆ ಬೇಡ ಬಿಡಿ" ಅನ್ನುವವರು ಇದ್ದೇ ಇರುತ್ತಾರೆ. ಮಾತ್ರೆ ನುಂಗಿದ್ದಕ್ಕೇ ನಾರ್ಮಲ್ ಬಂದಿರಬಹುದು ಅಲ್ವಾ? ನಿಲ್ಲಿಸುವುದು, ಕಡಿಮೆ ಮಾಡುವುದು ನಮ್ಮ ಕೆಲಸ ಅಲ್ಲ. ಒಬ್ಬರ ಬಿಪಿಯನ್ನು ಮುಂದಿನ ಮನೆಯಲ್ಲಿ ಹೇಳುವುದೂ ನಮ್ಮ ಕೆಲಸ ಅಲ್ಲ. ಒಮ್ಮೆ ಹೇಳಿದಿರೋ, ಮುಂದಿನ ವಾರ "ನಂಗೇನೂ ಇಲ್ಲ, ಹೋಗಿ ಬಾ" ಅಂತ ಬಾಗಿಲಲ್ಲೇ ಕಳಿಸುತ್ತಾರೆ.

ಬರೆದ ಪುಸ್ತಕ ಅವರ ಮನೆಯಲ್ಲೇ ಇರಲಿ, ಮಾತ್ರೆ ಡಬ್ಬಿಯ ಪಕ್ಕ. ಆಸ್ಪತ್ರೆಗೆ ಹೋಗುವಾಗ ಎರಡೂ ಒಟ್ಟಿಗೆ ಕೈಗೆ ಸಿಗುತ್ತವೆ.